ನಾಡಕಚೇರಿಗೆ ಐದನೇ ಸಲ ಹೋಗುವ ಮುನ್ನ

ಪ್ರಶ್ನೆ: ನಾವು ವಿರಾಜಪೇಟೆ ತಾಲ್ಲೂಕಿನ ಸಿದ್ದಾಪುರದ ಹತ್ತಿರ ಕಾಫಿ ತೋಟವೊಂದರ ಲೈನ್ ಮನೆಯಲ್ಲಿದ್ದೇವೆ (ಕೆಲಸಗಾರರಿಗೆ ತೋಟದವರು ಕೊಡುವ ಸಾಲುಮನೆ). ಯರವ ಸಮುದಾಯದವರು. ಅಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅಮ್ಮನಿಗೆ ವಿಧವಾ ವೇತನ ಮಾಡಿಸಬೇಕು. ಗೃಹಲಕ್ಷ್ಮಿ ಹಣ ಮೊದಲು ಬರುತ್ತಿತ್ತು, ಈಗ ನಿಂತಿದೆ. ಆಧಾರ್‌ನಲ್ಲಿ ಹಳೆಯ ತೋಟದ ವಿಳಾಸ ಇದೆ, ಅಮ್ಮನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ. ನಾನು ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದೇನೆ, ಸ್ಕಾಲರ್‌ಶಿಪ್‌ಗೆ ಜಾತಿ, ಆದಾಯ ಪತ್ರ ಬೇಕು. ನಾಲ್ಕು ಸಲ ಕೂಲಿ ಬಿಟ್ಟು ಹೋಗಿ ಬಂದೆವು. ಪ್ರತಿ ಸಲವೂ ಬೇರೆ ಬೇರೆ ಕಾಗದ ಕೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಕೆಲಸಗಳಿವೆ. ನಾಲ್ಕನ್ನೂ ಒಂದೇ ಕಿಟಕಿಯಲ್ಲಿ ಕೇಳಿದ್ದೀರಿ, ಅದಕ್ಕೇ ನಾಲ್ಕು ಸಲವೂ ಬರಿಗೈಯಲ್ಲಿ ಬಂದಿದ್ದೀರಿ. ತಪ್ಪು ನಿಮ್ಮದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅಲ್ಲಿ ಯಾರೂ ಕೂತು ಹೇಳುವುದಿಲ್ಲ. ಕಂದಾಯ ಇಲಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ ನಾನೂ ಮೇಜಿನ ಆ ಕಡೆ ಕೂತಿದ್ದಾಗ ಎಲ್ಲರಿಗೂ ಹೇಳಿಲ್ಲ. ನಾನಿದ್ದ ಒಂದು ಕಚೇರಿಯಲ್ಲಿ, ಕಂಪ್ಯೂಟರಿನಲ್ಲೇ ಇದ್ದ ಒಂದು ಪತ್ರ ತರಲು ಹೇಳಿ ಒಬ್ಬ ವೃದ್ಧೆಯನ್ನು ಮೂರು ಸಲ ವಾಪಸ್ ಕಳಿಸಿದ್ದೆವು. ಆಕೆ ಬರುತ್ತಿದ್ದದ್ದು ಎರಡು ಬಸ್ ಬದಲಿಸಿ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಮೊದಲು ಒಂದು ವಿಷಯ ತಿಳಿದಿರಲಿ. ಗ್ರಾಮ ಒನ್, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಕರ್ನಾಟಕ ಒನ್ ಇವೆಲ್ಲ ಅರ್ಜಿ ಹಾಕುವ ಕಿಟಕಿಗಳು. ಅಲ್ಲಿ ಕೂತವರಿಗೆ ಏನನ್ನೂ ಮಂಜೂರು ಮಾಡುವ ಅಧಿಕಾರ ಇಲ್ಲ. ಜಾತಿ, ಆದಾಯ, ವಿಧವಾ ವೇತನ ಕಂದಾಯ ಇಲಾಖೆಗೆ ಸೇರಿದ್ದು. ನಿಮ್ಮ ಊರಿಗಾದರೆ ಅಮ್ಮತ್ತಿ ಹೋಬಳಿಯ ನಾಡಕಚೇರಿ, ಅದರ ಮೇಲೆ ವಿರಾಜಪೇಟೆ ತಹಶೀಲ್ದಾರರು. ರೇಷನ್ ಕಾರ್ಡ್ ಆಹಾರ ಇಲಾಖೆಯದು, ತಾಲ್ಲೂಕು ಕಚೇರಿಯಲ್ಲಿ ಆಹಾರ ನಿರೀಕ್ಷಕರು ನೋಡುತ್ತಾರೆ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಅದನ್ನು ಕೇಳಬೇಕಾದ್ದು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ. ನಿಮ್ಮ ಅಂಗನವಾಡಿ ಟೀಚರ್‌ಗೆ ಅಲ್ಲಿನ ದಾರಿ ಗೊತ್ತಿರುತ್ತದೆ. ಆಧಾರ್ ಇವರು ಯಾರದ್ದೂ ಅಲ್ಲ, ಕೇಂದ್ರದ ಪ್ರಾಧಿಕಾರದ್ದು. ನಾಡಕಚೇರಿಯಲ್ಲೋ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಆಧಾರ್ ಯಂತ್ರ ಇಟ್ಟಿರಬಹುದು, ಆದರೆ ತಿದ್ದುಪಡಿ ಒಪ್ಪುವುದು, ತಿರಸ್ಕರಿಸುವುದು ಅಲ್ಲಿಯವರಲ್ಲ. ಇಷ್ಟು ಗೊತ್ತಿದ್ದರೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದಾಗ ಯಾವ ಬಾಗಿಲು ತಟ್ಟಬೇಕು ಎಂದು ಗೊತ್ತಾಗುತ್ತದೆ.

ಈಗ ಎಲ್ಲೂ ಹೊರಡಬೇಡಿ. ಒಂದು ಸಂಜೆ ಇರುವ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರಡಿ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಪ್ರತಿ ಕಾಗದದಲ್ಲಿ ಅಮ್ಮನ ಹೆಸರು ಹೇಗಿದೆ, ಅಪ್ಪನ ಹೆಸರು ಹೇಗಿದೆ, ಹುಟ್ಟಿದ ದಿನ ಯಾವುದು, ವಿಳಾಸ ಏನು, ಫೋನ್ ನಂಬರ್ ಯಾರದ್ದು ಎಂದು ಅಕ್ಷರ ಬಿಡದೆ ಬರೆಯಿರಿ. ಕನ್ನಡದಲ್ಲಿ ಇದ್ದದ್ದು ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ಇದ್ದದ್ದು ಇಂಗ್ಲಿಷ್‌ನಲ್ಲಿ. ಬೇಸರದ ಕೆಲಸ, ನಿಜ. ಆದರೆ ನಾನು ಕಂಡ ತಿರಸ್ಕೃತ ಅರ್ಜಿಗಳಲ್ಲಿ ಹೆಚ್ಚಿನವು ಬಿದ್ದದ್ದು ಅರ್ಹತೆ ಇಲ್ಲದೆ ಅಲ್ಲ, ಹೆಸರು ಕೂಡದೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಹೆಸರಿನ ಕಷ್ಟ ಬೇರೆ ಕಡೆಗಿಂತ ಜಾಸ್ತಿ. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ. ಒಂದು ಕಾಗದದಲ್ಲಿ ಅದು ಪೂರ್ತಿ ಇದ್ದರೆ ಇನ್ನೊಂದರಲ್ಲಿ ಬರೀ ಇನಿಷಿಯಲ್, ಮದುವೆಯಾದ ಹೆಣ್ಣುಮಕ್ಕಳಿಗೆ ಎರಡು ಮನೆಹೆಸರುಗಳ ಗೊಂದಲ. ನಿಮ್ಮವರ ಕಷ್ಟ ಇನ್ನೊಂದು ಬಗೆಯದು. ಹೊರಗಿನಿಂದ ಬಂದ ಆಪರೇಟರ್‌ಗೆ ಯರವ ಹೆಸರು ಕಿವಿಗೆ ಹೊಸದು. ಅಮ್ಮ ‘ಚೋಮಿ’ ಎಂದಿರುತ್ತಾರೆ, ಒಬ್ಬರು ‘ಸೋಮಿ’ ಎಂದು ಬರೆದಿರುತ್ತಾರೆ, ಮತ್ತೊಬ್ಬರು ತಿದ್ದಿ ಚಂದ ಮಾಡುತ್ತೇನೆಂದು ‘ಸೋಮಮ್ಮ’ ಮಾಡಿರುತ್ತಾರೆ. ಓದಲು ಬಾರದ ತಾಯಿ ಹೆಬ್ಬೆಟ್ಟು ಒತ್ತಿ ಬಂದಿರುತ್ತಾರೆ. ಮುಂದೆ ಹತ್ತು ವರ್ಷ ಮೂರು ಹೆಸರಿನಲ್ಲಿ ಮೂರು ಜನರಾಗಿ ಅಲೆಯುತ್ತಾರೆ. ಹಾಗಾಗಿ ಯಂತ್ರದ ಮುಂದೆ ಕೂತಾಗ ನೀವು ಅಮ್ಮನ ಪಕ್ಕ ನಿಲ್ಲಿ. ಆಪರೇಟರ್ ಪರದೆಯನ್ನು ನಿಮ್ಮ ಕಡೆ ತಿರುಗಿಸಲಿ. ಕೊನೆಯ ಗುಂಡಿ ಒತ್ತುವ ಮೊದಲು ಕನ್ನಡದ ಸಾಲು, ಇಂಗ್ಲಿಷ್ ಸಾಲು ಎರಡನ್ನೂ ನೀವೇ ಓದಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ.

ಯಾವ ಹೆಸರನ್ನು ಅಳತೆಗೋಲು ಮಾಡಿಕೊಳ್ಳಬೇಕು? ಇಲ್ಲಿ ನಿಮಗೂ ಅಮ್ಮನಿಗೂ ಉತ್ತರ ಬೇರೆ ಬೇರೆ. ನಿಮಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಅಳತೆ. ಅದನ್ನು ತಿದ್ದಿಸುವುದು ಬಹಳ ಕಷ್ಟ, ಮುಂದೆ ಕೆಲಸಕ್ಕೂ ಅದನ್ನೇ ನೋಡುತ್ತಾರೆ. ನಿಮ್ಮ ಆಧಾರ್ ಅದಕ್ಕೆ ಹೊಂದಬೇಕು, ಅಂಕಪಟ್ಟಿ ಆಧಾರ್‌ಗೆ ಅಲ್ಲ. ಅಮ್ಮ ಶಾಲೆಗೆ ಹೋಗಿಲ್ಲವಾದರೆ, ಹೆಚ್ಚು ಕಾಗದಗಳಲ್ಲಿ ಯಾವ ಹೆಸರು ಒಂದೇ ಥರ ಇದೆಯೋ ಅದನ್ನೇ ಹಿಡಿಯಿರಿ. ಬ್ಯಾಂಕ್ ಪಾಸ್‌ಬುಕ್, ವೋಟರ್ ಐಡಿ, ರೇಷನ್ ಕಾರ್ಡ್ ಮೂರರಲ್ಲೂ ಒಂದೇ ಹೆಸರಿದ್ದು ಆಧಾರ್ ಮಾತ್ರ ಬೇರೆ ಇದ್ದರೆ ಆಧಾರ್ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ವಿಳಾಸಕ್ಕೆ ಅಂಥ ಮಿತಿ ಇಲ್ಲ. ಅಂದಾಜಿನಲ್ಲಿ ತಿದ್ದಿ ಆ ಅವಕಾಶ ಕಳೆದುಕೊಳ್ಳಬೇಡಿ.

ಎರಡನೆಯದು ಅಪ್ಪನ ಮರಣ ಪ್ರಮಾಣಪತ್ರ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ, ಅದಕ್ಕೇ ನನಗೆ ಆತಂಕ. ವಿಧವಾ ವೇತನಕ್ಕೆ ಅದೇ ತಾಯಿಬೇರು. ಮರಣ ಎಲ್ಲಿ ಸಂಭವಿಸಿತೋ ಅಲ್ಲೇ ನೋಂದಣಿಯಾಗಬೇಕು. ಮಡಿಕೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಸಿದ್ದಾಪುರದಲ್ಲಿ ಹುಡುಕಿದರೆ ಸಿಗುವುದಿಲ್ಲ. 21 ದಿನದೊಳಗೆ ಹೇಳಿದ್ದರೆ ಸುಲಭ. ಒಂದು ವರ್ಷ ದಾಟಿದರೆ, 2023ರ ತಿದ್ದುಪಡಿ ಕಾಯ್ದೆಯ ಪ್ರಕಾರ, ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ, ಇಲ್ಲವೇ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ನಿಮ್ಮ ಅಪ್ಪ ಹೋದದ್ದು ಕಳೆದ ಮಳೆಗಾಲದಲ್ಲಿ. ವರ್ಷ ತುಂಬುವ ಮೊದಲು ಇದನ್ನು ಮುಗಿಸಿ. ಬೇರೆ ಎಲ್ಲ ಕೆಲಸ ನಿಂತರೂ ಇದು ನಿಲ್ಲಬಾರದು. ಪತ್ರ ಈಗಾಗಲೇ ಕೈಯಲ್ಲಿದ್ದರೆ ಅಪ್ಪನ ಹೆಸರು ರೇಷನ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯೇ ನೋಡಿ.

ಇದರ ಜೊತೆಗೇ ಎರಡು ಮಾತು ಕೇಳಬೇಕಿದೆ, ಯಾಕೆಂದರೆ ಇವನ್ನು ಯಾವ ಕಿಟಕಿಯಲ್ಲೂ ಯಾರೂ ಹೇಳುವುದಿಲ್ಲ. ಅಪ್ಪನ ವಯಸ್ಸು 60ರ ಒಳಗಿತ್ತೇ? ಮನೆಗೆ ದುಡಿದು ಹಾಕುತ್ತಿದ್ದವರು ಅವರೇ ಆಗಿದ್ದು, ನಿಮ್ಮದು ಬಿಪಿಎಲ್ ಕಾರ್ಡ್ ಆಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ ಸಿಗುತ್ತದೆ. ವಿಧವಾ ವೇತನದ ಅರ್ಜಿ ಕೊಡುವಾಗಲೇ ಇದನ್ನೂ ಬಾಯಿಬಿಟ್ಟು ಕೇಳಿ. ಇನ್ನೊಂದು, ಅಪ್ಪ ತೋಟದಲ್ಲಿ ಖಾಯಂ ಕೆಲಸಗಾರರಾಗಿದ್ದು ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರೇ? ಹಿಡಿಯುತ್ತಿದ್ದರೆ ಅಮ್ಮನಿಗೆ ಪಿಎಫ್ ಕಡೆಯಿಂದಲೇ ಕುಟುಂಬ ಪಿಂಚಣಿ ಇದೆ, ಮಕ್ಕಳಿಗೂ ಒಂದು ವಯಸ್ಸಿನವರೆಗೆ ಪಾಲಿದೆ. ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ ವಿಮೆಯ ಹಣವೂ ಉಂಟು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಅಪ್ಪನ ಪಿಎಫ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಸರ್ಕಾರದ ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ಪಿಎಫ್ ಹಣ ಅದಕ್ಕಿಂತ ಎಷ್ಟೋ ದೊಡ್ಡದಾಗಿರಬಹುದು, ಕೇಳುವವರಿಲ್ಲದೆ ಹಾಗೇ ಬಿದ್ದಿರುತ್ತದೆ.

ಇನ್ನು ಆಧಾರ್ ವಿಳಾಸ. ಲೈನ್ ಮನೆಯವರ ದೊಡ್ಡ ಕಗ್ಗಂಟು ಇದೇ. ಮನೆ ನಿಮ್ಮದಲ್ಲ, ಕರೆಂಟ್ ಬಿಲ್ ನಿಮ್ಮ ಹೆಸರಲ್ಲಿಲ್ಲ, ಮನೆ ತೆರಿಗೆ ರಸೀದಿ ಇಲ್ಲ. ತೋಟದ ಮಾಲೀಕರ ಹತ್ತಿರ ಪತ್ರ ಕೇಳಿದರೆ ನಾಳೆ ಜಾಗಕ್ಕೆ ಹಕ್ಕು ಕೇಳುತ್ತಾರೋ ಎಂದು ಕೆಲವರು ಹಿಂಜರಿಯುತ್ತಾರೆ. ಆ ಭಯಕ್ಕೆ ಆಧಾರ ಇಲ್ಲ. ಆಧಾರ್‌ನಲ್ಲಿ ವಿಳಾಸ ಇದ್ದ ಮಾತ್ರಕ್ಕೆ ಆ ಮನೆಯ ಮೇಲೆ ಯಾರಿಗೂ ಯಾವ ಹಕ್ಕೂ ಬರುವುದಿಲ್ಲ, ಇದನ್ನು ಮಾಲೀಕರಿಗೆ ಸಮಾಧಾನದಿಂದ ಹೇಳಬಹುದು. ಒಪ್ಪದಿದ್ದರೂ ದಾರಿ ಮುಚ್ಚಿಲ್ಲ. ಆಧಾರ್ ಪ್ರಾಧಿಕಾರದ್ದೇ ಒಂದು ನಮೂನೆಯ ಪ್ರಮಾಣಪತ್ರ ಇದೆ. ಅಮ್ಮನ ಫೋಟೊ ಅಂಟಿಸಿ, ವಿಳಾಸ ತುಂಬಿ, ಗ್ರಾಮ ಪಂಚಾಯಿತಿ ಅಧ್ಯಕ್ಷರೋ ತಹಶೀಲ್ದಾರರೋ ಪತ್ರಾಂಕಿತ ಅಧಿಕಾರಿಯೋ ಶಾಸಕರೋ ಸಹಿ ಮಾಡಿ ಫೋಟೊದ ಮೇಲೂ ಮೊಹರು ಬೀಳುವಂತೆ ಒತ್ತಿಕೊಟ್ಟರೆ ಅದೇ ವಿಳಾಸದ ದಾಖಲೆ. ಮಾಲೀಕರ ಸಹಿ ಬೇಡ. ಸಹಿ ಬಿದ್ದ ದಿನದಿಂದ ಮೂರು ತಿಂಗಳು ಮಾತ್ರ ಅದಕ್ಕೆ ಬೆಲೆ, ಮಾಡಿಸಿ ಟ್ರಂಕಿನಲ್ಲಿ ಇಟ್ಟರೆ ಹಾಳು. ಪಂಚಾಯಿತಿಯ ಲೆಟರ್‌ಹೆಡ್‌ನಲ್ಲಿ ‘ಇವರು ನಮ್ಮ ಊರಿನವರು’ ಎಂದು ಬರೆಸಿಕೊಂಡು ಬಂದವರ ಅರ್ಜಿ ತಿರಸ್ಕಾರವಾದದ್ದನ್ನು ತುಂಬ ನೋಡಿದ್ದೇನೆ. ನಮೂನೆ ಅದೇ ಆಗಿರಬೇಕು.

ಆಧಾರ್ ಕೇಂದ್ರಕ್ಕೆ ಹೋದ ದಿನ ಹೆಸರು, ವಿಳಾಸ, ಮೊಬೈಲ್ ನಂಬರ್ ಎಲ್ಲ ಒಂದೇ ಅರ್ಜಿಯಲ್ಲಿ ಮುಗಿಸಿ. 2025ರ ಅಕ್ಟೋಬರ್ 1ರಿಂದ ಇಂಥ ತಿದ್ದುಪಡಿಗೆ 75 ರೂಪಾಯಿ, ಬೆರಳು ಕಣ್ಣು ಹೊಸದಾಗಿ ಕೊಡುವುದಕ್ಕೆ 125 ರೂಪಾಯಿ. ಒಂದಕ್ಕೊಂದು ಸೇರಿಸಿ ಕೇಳಿದರೆ ಕೊಡಬೇಡಿ: ಬೆರಳಿನ ಜೊತೆಗೇ ವಿಳಾಸ ತಿದ್ದಿದರೂ 125 ಮಾತ್ರ. ಹೆಚ್ಚು ಕೇಳಿದರೆ 1947ಕ್ಕೆ ಫೋನ್ ಮಾಡಿ. ಮೊಬೈಲ್ ನಂಬರ್ ನಿಮ್ಮದೇ ಇರಲಿ. ಮೇಸ್ತ್ರಿಯ ನಂಬರ್, ಅಂಗಡಿಯವರ ನಂಬರ್ ಹಾಕಿಸಿ ಆಮೇಲೆ ಒಂದು ಒಟಿಪಿಗೆ ಅವರ ಹಿಂದೆ ಓಡಾಡುವವರು ಪ್ರತಿ ತೋಟದಲ್ಲೂ ಇದ್ದಾರೆ.

ಅಮ್ಮನ ಬೆರಳಿನ ಬಗ್ಗೆ ನೀವು ಬರೆದಿಲ್ಲ, ಆದರೆ ಕಾಫಿ ಕುಯ್ಯುವ ಕೈ ಎಂದ ಮೇಲೆ ನಾನೇ ಹೇಳುತ್ತೇನೆ. ಒಮ್ಮೆ ಜನವರಿಯಲ್ಲಿ ಒಬ್ಬ ತಾಯಿ ಬಂದಿದ್ದರು. ಕುಯ್ಲಿನ ನಡುವೆ ಅರ್ಧ ದಿನ ಬಿಡಿಸಿಕೊಂಡು ಬಂದವರು. ಹೆಬ್ಬೆರಳಿನ ಗೆರೆಗಳಲ್ಲಿ ಕಾಫಿ ಹಣ್ಣಿನ ಅಂಟು ಕಪ್ಪಾಗಿ ಕೂತಿತ್ತು, ತುದಿ ಬಿರುಕು ಬಿಟ್ಟಿತ್ತು. ಯಂತ್ರದ ಗಾಜಿನ ಮೇಲೆ ಎಂಟು ಸಲ ಇಟ್ಟರು, ಎಂಟು ಸಲವೂ ಕೆಂಪು ದೀಪ. ಪ್ರತಿ ಸಲ ಸೀರೆ ಸೆರಗಿಗೆ ಬೆರಳು ಒರೆಸಿಕೊಂಡು, ತಪ್ಪು ತನ್ನದೇ ಎಂಬಂತೆ ನಮ್ಮ ಮುಖ ನೋಡುತ್ತಿದ್ದರು. ನಮ್ಮಲ್ಲಿದ್ದ ಹುಡುಗಿಯೊಬ್ಬಳು ಬಿಸಿನೀರು ತಂದು, ಕೈ ಐದು ನಿಮಿಷ ಅದರಲ್ಲಿ ಇರಿಸಿ, ಬಟ್ಟೆಯಲ್ಲಿ ಮೆತ್ತಗೆ ಒತ್ತಿ ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರ ಬೆರಳು ಇಡಿಸಿದಳು. ಹಸಿರು ದೀಪ ಬಂತು. ಹತ್ತು ಬೆರಳಲ್ಲಿ ಯಾವುದು ಬೇಕಾದರೂ ಇಡಬಹುದು ಎಂದು ಅಲ್ಲಿಯವರೆಗೆ ಆ ತಾಯಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಹಿಂದಿನ ರಾತ್ರಿ ಅಮ್ಮನ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಹೊರಡಿ. ಬೆರಳು ಒಪ್ಪದಿದ್ದರೆ ಕಣ್ಣಿನ ಪಾಪೆ ಉಂಟು, ಮುಖ ಗುರುತಿಸುವ ವಿಧಾನ ಉಂಟು. ಬೆರಳು ಬೀಳಲಿಲ್ಲ ಎಂದು ಪಡಿತರವಾಗಲಿ ವೇತನವಾಗಲಿ ಕೈತಪ್ಪಬಾರದು.

ಗೃಹಲಕ್ಷ್ಮಿಗೆ ಬರುತ್ತೇನೆ. ‘ಬರುತ್ತಿತ್ತು, ನಿಂತಿತು’ ಎಂದಿರಿ. ಬಂದಿದೆ ಎಂದರೆ ಅರ್ಜಿ ಸರಿ ಇದೆ, ಹೊಸ ಅರ್ಜಿ ಹಾಕಲು ಹೋಗಬೇಡಿ. ಈ ಹಣ ಪಾಸ್‌ಬುಕ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನಂಬರ್ ಹಿಡಿದು ಬರುತ್ತದೆ. ಒಬ್ಬರಿಗೆ ಮೂರು ಖಾತೆ ಇದ್ದರೆ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ, ಅಂದರೆ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಎಂದು ಜೋಡಿಸಿಟ್ಟ ಪಟ್ಟಿಯಲ್ಲಿ, ಕೊನೆಗೆ ಸೇರಿಸಿದ ಖಾತೆಗೆ ಹೋಗುತ್ತದೆ. ನನ್ನ ಹತ್ತಿರ ಬಂದ ಒಬ್ಬಾಕೆಯ ಪಾಸ್‌ಬುಕ್‌ನಲ್ಲಿ 11 ತಿಂಗಳು ಒಂದು ಸಾಲೂ ಇರಲಿಲ್ಲ. ಸರ್ಕಾರ ನಿಲ್ಲಿಸಿತು ಎಂದು ಅತ್ತರು. ವಿಚಾರಿಸಿದರೆ, ಸಿಮ್ ಕೊಳ್ಳಲು ಹೋದ ದಿನ ಅಂಗಡಿಯಲ್ಲಿ ಒತ್ತಿದ ಹೆಬ್ಬೆಟ್ಟಿಗೆ ಅವರಿಗೇ ಗೊತ್ತಿಲ್ಲದ ಒಂದು ಖಾತೆ ತೆರೆದಿತ್ತು. ಅಷ್ಟೂ ತಿಂಗಳ ಹಣ ಅಲ್ಲೇ ಭದ್ರವಾಗಿ ಕೂತಿತ್ತು. ನೀವು ಮೊದಲು ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್‌ಗೆ ಅಮ್ಮನ ಆಧಾರ್ ಹಾಕಿ ಯಾವ ತಿಂಗಳ ಹಣ ಯಾವ ಬ್ಯಾಂಕಿಗೆ ಹೋಗಿದೆ ನೋಡಿ. ಅದಕ್ಕೆ ಒಟಿಪಿ ಬೇಕು, ಅದಕ್ಕೇ ಮೊಬೈಲ್ ನಂಬರ್ ನಿಮ್ಮದೇ ಇರಲಿ ಎಂದೆ. ಬೇರೆ ಬ್ಯಾಂಕ್ ಕಂಡರೆ ಅಮ್ಮ ದಿನಾ ವ್ಯವಹರಿಸುವ ಬ್ಯಾಂಕಿಗೆ ಹೋಗಿ. ಅಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಸಾಲದು. ಗುರುತಿಗಾಗಿ (ಕೆವೈಸಿ) ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಆ ಪಟ್ಟಿಗೆ ಖಾತೆ ಸೇರಿಸುವ ಎನ್‌ಪಿಸಿಐ ಸೀಡಿಂಗ್ ಬೇರೆ. ಎರಡನೆಯದನ್ನೇ ಕೇಳಿ, ಅದಕ್ಕೆ ಪ್ರತ್ಯೇಕ ಫಾರಂ ಇದೆ. ಅಮ್ಮನ ವಿಧವಾ ವೇತನವೂ ಇದೇ ದಾರಿಯಲ್ಲಿ ಬರುವುದರಿಂದ ಅದರ ಅರ್ಜಿಗೆ ಮೊದಲೇ ಇದನ್ನು ಸರಿಮಾಡಿ. ಹಣ ಎಲ್ಲೂ ಹೋಗಿಲ್ಲ ಎಂದು ಕಂಡರೆ ಮಾತ್ರ ಸಿಡಿಪಿಒ ಕಚೇರಿಗೆ ಹೋಗಿ. ಒಂದು ಸಂಶಯ ಬೇಡ: ವಿಧವಾ ವೇತನ ತೆಗೆದುಕೊಂಡರೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ.

ರೇಷನ್ ಕಾರ್ಡಿನಿಂದ ಅಪ್ಪನ ಹೆಸರು ತೆಗೆಸಬೇಕು. ಇಲಾಖೆ ಅವಕಾಶ ಕೊಟ್ಟ ದಿನಗಳಲ್ಲಿ ಮಾತ್ರ ಆ ತಿದ್ದುಪಡಿ ತೆರೆಯುತ್ತದೆ. ಗ್ರಾಮ ಒನ್‌ನವರಿಗೆ ನಿಮ್ಮ ನಂಬರ್ ಕೊಟ್ಟು, ತೆರೆದ ದಿನ ಒಂದು ಫೋನ್ ಮಾಡಿ ಎಂದು ಕೇಳಿಕೊಳ್ಳಿ. ಒಳ್ಳೆಯವರು ಮಾಡುತ್ತಾರೆ.

ಈಗ ನಿಮ್ಮ ಜಾತಿ, ಆದಾಯ ಪತ್ರ. ಇದು ಅಮ್ಮನ ಯಾವ ಕೆಲಸಕ್ಕೂ ಕಾಯಬೇಕಿಲ್ಲ, ನಾಳೆಯೇ ಹಾಕಿ. ಪರಿಶಿಷ್ಟ ಪಂಗಡದ ಜಾತಿ ಪತ್ರ ಒಮ್ಮೆ ಮಾಡಿಸಿದರೆ ಜೀವಮಾನಕ್ಕೆ ಸಾಕು, ಆದಾಯ ಪತ್ರ ಐದು ವರ್ಷಕ್ಕೆ. ಗಮನಿಸಬೇಕಾದ್ದು ಜಾತಿಯ ಹೆಸರು. ರಾಜ್ಯದ ಪಟ್ಟಿಯಲ್ಲಿ ಯರವ ಒಂದು ನಮೂದು, ಪಣಿಯನ್ ಇನ್ನೊಂದು. ಶಾಲೆಯ ದಾಖಲೆಯಲ್ಲಿ ಯಾವುದಿದೆಯೋ ನೋಡಿಕೊಂಡು ಅರ್ಜಿಯಲ್ಲಿ ಅದೇ ಬರಲಿ. ಬೆಟ್ಟಕುರುಬರು ಈ ಒಂದು ಪದಕ್ಕಾಗಿ ಎಷ್ಟೋ ವರ್ಷ ಒದ್ದಾಡಿದರು. ಪಟ್ಟಿಯಲ್ಲಿದ್ದ ‘ಕಾಡು ಕುರುಬ’ದ ಪಕ್ಕ ಅವರ ಹೆಸರನ್ನು ಸೇರಿಸುವ ಮಸೂದೆ ಸಂಸತ್ತಿನಲ್ಲಿ ಒಪ್ಪಿಗೆಯಾದದ್ದು 2022ರ ಡಿಸೆಂಬರ್‌ನಲ್ಲಿ. ಅಪ್ಪ ಅಮ್ಮ ಶಾಲೆಗೆ ಹೋಗಿಲ್ಲ, ಅವರ ಜಾತಿಯ ದಾಖಲೆ ಇಲ್ಲ ಎಂದು ಅರ್ಜಿ ತೆಗೆದುಕೊಳ್ಳದಿದ್ದರೆ ಒಪ್ಪಬೇಡಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ವಿಚಾರಿಸಿ, ನೆರೆಹೊರೆಯವರ ಹೇಳಿಕೆ ಪಡೆದು ಮಹಜರು ಮಾಡಿ ವರದಿ ಕೊಡಬೇಕು. ಅದು ಅವರ ಕೆಲಸ. ಪತ್ರ ಬಂದ ಮೇಲೆ ಅದರ ಮೇಲೆ ಮುದ್ರಿಸಿರುವ ಆರ್‌ಡಿ ನಂಬರನ್ನೇ (ಪತ್ರದ ಗುರುತಿನ ಸಂಖ್ಯೆ) ಸ್ಕಾಲರ್‌ಶಿಪ್ ಪೋರ್ಟಲ್ ಕೇಳುತ್ತದೆ. ಕಾಲೇಜಿಗೆ ಪತ್ರದ ಪ್ರತಿ ಕೊಟ್ಟರೆ ಮುಗಿಯಲಿಲ್ಲ.

ಹಾಡಿಗಳಿಗೆ, ಅಂದರೆ ಬುಡಕಟ್ಟಿನವರ ಕೇರಿಗಳಿಗೆ, ಆಗಾಗ ಶಿಬಿರ ಬರುತ್ತದೆ. 2023ರ ನವೆಂಬರ್ 15ರಂದು ಶುರುವಾದ ಕೇಂದ್ರದ ಪಿಎಂ-ಜನಮನ್ ಯೋಜನೆ ಜೇನುಕುರುಬರ ಹಾಡಿಗಳಿಗೆ ಆಧಾರ್, ಜಾತಿ ಪತ್ರ ಎಲ್ಲ ಒಟ್ಟಿಗೆ ತಂದುಕೊಡುವ ಉದ್ದೇಶದ್ದು. ಲೈನ್ ಮನೆಗಳಲ್ಲಿ ಚದುರಿಹೋಗಿರುವ ನಿಮ್ಮಂಥವರು ಅದರ ಕಣ್ಣಿಗೆ ಬೀಳುವುದಿಲ್ಲ ಎಂಬುದು ನನ್ನ ಬಹುಕಾಲದ ನೋವು. ಬುಡಕಟ್ಟಿನವರ ಯೋಜನೆಗಳನ್ನು ನೋಡಿಕೊಳ್ಳುವ ಐಟಿಡಿಪಿ ಕಚೇರಿಗೆ ಫೋನ್ ಮಾಡಿ, ಹತ್ತಿರದ ಹಾಡಿಯಲ್ಲಿ ಶಿಬಿರ ಯಾವಾಗ ಎಂದು ಕೇಳಿ. ಇದ್ದರೆ ಲೈನಿನ ಇತರ ಮನೆಯವರನ್ನೂ ಕರೆದುಕೊಂಡು ಹೋಗಿ.

ಯಾವ ಕಿಟಕಿಯಲ್ಲಿ ಏನು ಕೊಟ್ಟರೂ ಸ್ವೀಕೃತಿ ಚೀಟಿ ಇಲ್ಲದೆ ಮೆಟ್ಟಿಲು ಇಳಿಯಬೇಡಿ. ಆಧಾರ್‌ಗೆ ನೋಂದಣಿ ನಂಬರಿನ ಚೀಟಿ, ನಾಡಕಚೇರಿಯ ಅರ್ಜಿಗೆ ಸಕಾಲ ನಂಬರ್. ಸರ್ಕಾರಿ ಸೇವೆಗೆ ಗಡುವು ಕಟ್ಟುವ ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್ 2ರಿಂದ ರಾಜ್ಯವಿಡೀ ಜಾರಿಯಲ್ಲಿದೆ. ಚೀಟಿಯಲ್ಲಿ ಕೊನೆಯ ದಿನ ಬರೆದಿರುತ್ತದೆ. ಅದು ಮೀರಿದರೆ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ಹಣ ಸಣ್ಣದು, ಆದರೆ ಚೀಟಿ ತೋರಿಸಿ ‘ದಿನ ದಾಟಿದೆ’ ಎಂದವರ ಕಡತ ಮೇಲೆ ಬರುವುದನ್ನು ನಾನು ಒಳಗಿದ್ದೇ ನೋಡಿದ್ದೇನೆ. ‘ಅರ್ಜಿ ಇಟ್ಟು ಹೋಗಿ, ಕರೆಂಟ್ ಬಂದ ಮೇಲೆ ಹಾಕುತ್ತೇವೆ’ ಎಂದರೆ ಇಟ್ಟು ಬರಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಆ ತಿಂಗಳುಗಳಲ್ಲಿ ಹೊರಡುವ ಮೊದಲು ಕೇಂದ್ರಕ್ಕೆ ಫೋನ್ ಮಾಡಿ, ಯಂತ್ರ ನಡೆಯುತ್ತಿದೆಯೇ ಕೇಳಿಯೇ ಬಸ್ ಹತ್ತಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಪರಿಹಾರ ಕೇಂದ್ರಗಳಿಗೆ ಉಟ್ಟ ಬಟ್ಟೆಯಲ್ಲಿ ಬಂದವರ ಹತ್ತಿರ ಒಂದು ಕಾಗದವೂ ಇರಲಿಲ್ಲ. ನಂಬರ್ ನೆನಪಿದ್ದವರಿಗೆ ದಾಖಲೆ ಬೇಗ ಮರಳಿತು, ಇಲ್ಲದವರು ತಿಂಗಳುಗಟ್ಟಲೆ ಅಲೆದರು. ನಿಮ್ಮ ಆಧಾರ್, ಅಂಕಪಟ್ಟಿಗಳನ್ನು ಡಿಜಿಲಾಕರ್‌ಗೆ (ಫೋನಿನಲ್ಲಿ ದಾಖಲೆ ಇಡುವ ಸರ್ಕಾರಿ ಆ್ಯಪ್) ಸೇರಿಸಿ. ಅಮ್ಮನ ಕಾಗದಗಳ, ಪ್ರತಿ ಸ್ವೀಕೃತಿ ಚೀಟಿಯ ಫೋಟೊ ನಿಮ್ಮ ಫೋನಿನಲ್ಲಿರಲಿ. ಆ ಚೀಟಿಗಳ ಮಸಿ ಕೊಡಗಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ಮಾಸಿಹೋಗುತ್ತದೆ, ಆದ್ದರಿಂದ ನಂಬರನ್ನು ನೋಟ್‌ಬುಕ್ಕಿನ ಆ ಹಾಳೆಯಲ್ಲೇ, ತಾರೀಖಿನ ಜೊತೆ, ಬಾಲ್ ಪೆನ್ನಿನಲ್ಲಿ ಬರೆದಿಡಿ.

ಅಪ್ಪನ ಮರಣ ಪತ್ರ ಕೈಯಲ್ಲಿ ಇಲ್ಲವಾದರೆ ಎಲ್ಲಿ, ಯಾವ ದಿನ ತೀರಿಕೊಂಡರು ಎಂದು ಮತ್ತೊಮ್ಮೆ ಬರೆಯಿರಿ. ಯಾವ ಕಚೇರಿಯಲ್ಲಿ, ಯಾವ ನಮೂನೆಯಲ್ಲಿ ಕೇಳಬೇಕು ಎಂದು ತಿಳಿಸುತ್ತೇನೆ.